ಕವೆಗೋಲನ್ನೂ ಕಟ್ಟಡವೆಂದು ಅಳೆದವರಿಗೆ

ವಿಮಾನ ನಿಲ್ದಾಣದ ಸುತ್ತಮುತ್ತ ಯಾರ ಮನೆ ಎಷ್ಟು ಎತ್ತರ ಇರಬೇಕೆಂದು ತೀರ್ಮಾನಿಸುವ ಮಾನ್ಯ ಅಧಿಕಾರಿಗಳೇ,

ನನ್ನ ಹೆಂಡತಿ ಮಲಗುತ್ತಿದ್ದ ಮಹಡಿ ಕೋಣೆಯನ್ನು ವಿಮಾನಕ್ಕೆ ಅಡ್ಡ ಬರುತ್ತದೆ ಎಂದು ಒಡೆಸಿದಿರಿ. ಅದೇ ಕೋಣೆಯ ಬೆನ್ನ ಹಿಂದೆ, ರಸ್ತೆಯೊಂದನ್ನು ದಾಟಿದರೆ ಸಿಗುವ ಜಾಗದಲ್ಲಿ, ಒಂಬತ್ತು ಮಹಡಿಯ ವಸತಿ ಸಮುಚ್ಚಯಕ್ಕೆ ಅನುಮೋದನೆ ಕೊಟ್ಟಿರಿ. ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಿಮಗೇ ನಾಚಿಕೆಯಾದೀತು ಎಂದು ಕಾದೆ. ಆಗಲಿಲ್ಲ. ನಾಚಿಕೆಯನ್ನು ಹೊರಗಿನಿಂದಲೇ ತರಿಸಬೇಕಾದೀತು ಎಂದು ಈ ಪತ್ರವನ್ನು ನಿಮ್ಮ ಟಪ್ಪಾಲಿಗೆ ಹಾಕದೆ ಪತ್ರಿಕೆಗೆ ಕೊಟ್ಟಿದ್ದೇನೆ.

ಇದು ಮನವಿಯಲ್ಲ. ಮನವಿ ಮಾಡುವ ವಯಸ್ಸೂ ತಾಳ್ಮೆಯೂ ಎರಡೂ ಮುಗಿದಿವೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮಗಳು ಕಾಗುಣಿತ ತಿದ್ದಿದ್ದಾಳೆ. "ಅಪ್ಪಾ, ಒಂದೆರಡು ಮಾತು ತೆಗೀರಿ, ಪತ್ರಿಕೆಯವರು ಹಾಕಲ್ಲ" ಎಂದಳು. ತೆಗೆದೆ. ಅವು ಯಾವ ಮಾತುಗಳೆಂದು ನಿಮ್ಮ ಕಚೇರಿಗೆ ಒಂದು ಸಲ ಅಲೆದವರೆಲ್ಲ ಸರಿಯಾಗಿ ಊಹಿಸಬಲ್ಲರು. ಬಡವನ ಸಿಟ್ಟು ದವಡೆಗೆ ಮೂಲ ಎಂದು ದೊಡ್ಡವರು ನಮ್ಮನ್ನು ಹೆದರಿಸುತ್ತಾ ಬಂದಿದ್ದಾರೆ. ನನ್ನ ದವಡೆಯಲ್ಲಿ ಈಗ ಹಲ್ಲೇ ಉಳಿದಿಲ್ಲ. ಇನ್ನು ಯಾವ ಮೂಲಕ್ಕೆ ಹೆದರಲಿ?

ನಮ್ಮದು ವಿಮಾನ ನಿಲ್ದಾಣದ ಬೇಲಿಗೆ ಅಂಟಿಕೊಂಡಂತಿರುವ ಲಾಂಡ್ರಿ. ಬೆಳಿಗ್ಗೆ ಒಂದು ವಿಮಾನ, ಸಂಜೆ ಒಂದು ವಿಮಾನ. ನಡುವೆ ಹಾರಾಟ ಕಲಿಯುವ ಹುಡುಗರ ಜೀರುಂಡೆಯಂಥ ಪುಟ್ಟ ವಿಮಾನಗಳು. ನಿಲ್ದಾಣ ಎಂದರೆ ಅಷ್ಟೇ. ನಮ್ಮ ಮನೆಯ ಕೆಳಗಡೆ ಕುದಿಯುವ ಹಂಡೆ, ನೆನೆಹಾಕುವ ತೊಟ್ಟಿ, ಇಸ್ತ್ರಿ ಮೇಜು. ಮೇಲೆ ತಾರಸಿಯಲ್ಲಿ ಹಗ್ಗಗಳ ಸಾಲು. ನಿಮ್ಮಂಥವರು ಬಟ್ಟೆಯನ್ನು ಮಡಿಸಿದ ಮೇಲೆ ಮಾತ್ರ ನೋಡಿರುತ್ತೀರಿ, ಆದ್ದರಿಂದ ಹೇಳುತ್ತೇನೆ. ಒದ್ದೆ ಬೆಡ್‌ಶೀಟುಗಳ ಭಾರಕ್ಕೆ ಹಗ್ಗ ಜೋತು ಬಟ್ಟೆ ನೆಲ ಮುಟ್ಟುತ್ತದೆ. ಅದಕ್ಕೆ ತುದಿಯಲ್ಲಿ ಕವಲಿರುವ ಉದ್ದನೆಯ ಬಿದಿರು ಕೋಲನ್ನು ಹಗ್ಗದ ನಡುವಿಗೆ ಸಿಕ್ಕಿಸಿ, ಮೇಲಕ್ಕೆ ನೂಕಿ ನಿಲ್ಲಿಸುತ್ತೇವೆ. ಬಟ್ಟೆ ಗಾಳಿಗೆ ಬರುತ್ತದೆ. ಒಣಗಿದ ಮೇಲೆ ಕೋಲು ಇಳಿಸಿ ಮೂಲೆಗೆ ಒರಗಿಸುತ್ತೇವೆ. ಇದೇ ಕವೆಗೋಲು. ಕವೆಗೋಲಿಗೆ ಬಾಗಿಲಿಲ್ಲ, ಕಿಟಕಿಯಿಲ್ಲ, ಯಾರೂ ಅದರೊಳಗೆ ಸಂಸಾರ ಮಾಡುವುದಿಲ್ಲ. ಈ ಮಾತನ್ನು ನಾನು ಒಬ್ಬ ಅಧಿಕಾರಿಗೆ ಬಿಡಿಸಿ ಹೇಳಬೇಕಾದ ಕಾಲ ಬಂತಲ್ಲ ಎಂದು ನನ್ನ ಬಗ್ಗೆ ನನಗೇ ಮರುಕ.

ನನ್ನ ಹೆಂಡತಿಯ ಎದೆ ಕೆಟ್ಟಿದೆ. ಮದುವೆಯಾಗಿ ಬಂದಾಗಿನಿಂದ ಕುಡಿದ ಹಬೆ, ಇದ್ದಿಲ ಹೊಗೆ, ಬ್ಲೀಚಿಂಗ್ ಪುಡಿಯ ಘಾಟು ಎಲ್ಲ ಸೇರಿ ಕೆಡಿಸಿವೆ. "ಇವರನ್ನ ಹಬೆಯಿಂದ ಮೇಲೆ ಎಲ್ಲಾದ್ರೂ ಇಡಿ, ಒಣ ಗಾಳಿ ಬೇಕು" ಎಂದರು ಡಾಕ್ಟರು. ಬೇರೆ ಮನೆ ಮಾಡುವ ಯೋಗ್ಯತೆ ನಮಗಿರಲಿಲ್ಲ, ಮೇಲೆ ತಾರಸಿ ಇತ್ತು. ನಿಮ್ಮ ಕುರ್ಚಿಯಲ್ಲಿ ನಿಮಗಿಂತ ಮೊದಲು ಕೂತಿದ್ದವರ ಹತ್ತಿರ ಕೇಳಿ, ಅವರು ಒಪ್ಪಿದ ಎತ್ತರಕ್ಕೇ ಒಂದು ಕೋಣೆ ಕಟ್ಟಿಸಿದೆವು. ಮಂಚ, ಕಿಟಕಿ, ಕಿಟಕಿಯ ಪಕ್ಕ ಒಂದು ಕುರ್ಚಿ. ಅಲ್ಲಿಗೆ ಹತ್ತಿದ ಮೇಲೆ ಅವಳು ಪೂರ್ತಿ ವಾಕ್ಯ ಮಾತಾಡತೊಡಗಿದಳು. ಗಂಡನನ್ನು ಬೈಯಲು ಪೂರ್ತಿ ವಾಕ್ಯವೇ ಬೇಕಲ್ಲವೇ? ಅದನ್ನು ಕೇಳಿ ಸಂತೋಷಪಟ್ಟ ಗಂಡ ಊರಿಗೆ ನಾನೊಬ್ಬನೇ ಇರಬೇಕು.

ಕಿಟಕಿಯಿಂದ ಅವಳಿಗೆ ವಿಮಾನ ಇಳಿಯುವುದು ಕಾಣುತ್ತಿತ್ತು. ಹಾರಾಟ ಕಲಿಯುವ ಹುಡುಗರಿಗೆಲ್ಲ ಅವಳೇ ಹೆಸರಿಟ್ಟಿದ್ದಳು. ನೆಲಕ್ಕೆ ಬಡಿದು ಬಡಿದು ಕುಪ್ಪಳಿಸಿ ನಿಲ್ಲುವವನು 'ಕಪ್ಪೆ'. ಸುತ್ತಿ ಸುತ್ತಿ, ಎಷ್ಟು ಹೊತ್ತಾದರೂ ಕೆಳಗಿಳಿಯದೆ ಬಿಗುಮಾನ ಮಾಡುವವನು 'ಅಳಿಯ'. ಊಟದ ಹೊತ್ತಿಗೆ ಕೆಳಗೆ ಕೂಗುತ್ತಿದ್ದಳು, "ರೀ, ಇವತ್ತು ಅಳಿಯ ಒಂದೇ ಸಲಕ್ಕೆ ಇಳಿದ ಕಣ್ರೀ, ಬುದ್ಧಿ ಬಂತು!"

ವಿಮಾನಕ್ಕೆ ಅಪಾಯ ಎಂದರೇನು ಎಂದು ನಮಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ. ಹಿಂದೊಮ್ಮೆ ಅಂಥದ್ದೇ ಒಂದು ಜೀರುಂಡೆ ಬೇಲಿಯಾಚೆ ಬಿದ್ದು ರೆಕ್ಕೆಗೆ ಬೆಂಕಿ ಹತ್ತಿತು. ನಿಲ್ದಾಣದ ನೀರಿನ ಗಾಡಿ ಬರುವ ಮೊದಲು ಓಡಿದವಳು ನನ್ನ ಹೆಂಡತಿ. ತೊಟ್ಟಿಯಲ್ಲಿ ನೆನೆದಿದ್ದ ಆಸ್ಪತ್ರೆಯ ಕಂಬಳಿಗಳನ್ನು ನೀರು ಸುರಿಯುತ್ತಿದ್ದ ಹಾಗೇ ಎಳೆದುಕೊಂಡು ಓಡಿ, ಅದನ್ನು ಹಾರಿಸುತ್ತಿದ್ದ ಹುಡುಗನ ಮೇಲೆ ಹೊದಿಸಿದಳು. ಅವನು ಬದುಕಿದ. ಆ ಹೊಗೆಯಿಂದಲೇ ಅವಳ ಎದೆ ಕೆಟ್ಟಿತು ಎಂದು ಬರೆದರೆ ಪತ್ರಕ್ಕೆ ಕಳೆ ಬರುತ್ತದೆ, ಆದರೆ ಸುಳ್ಳಾಗುತ್ತದೆ. ಸುಳ್ಳು ಬರೆಯುವ ಹಕ್ಕು ನಿಮ್ಮ ಕಚೇರಿಯದು. ನಾನು ಹೇಳುವುದಿಷ್ಟು. ಬೇಲಿ ಪಕ್ಕ ಎತ್ತರಕ್ಕೆ ಕಟ್ಟಬಾರದು ಎಂಬ ಕಾನೂನು ಸರಿ. ಅದು ಯಾಕಿದೆ ಎಂದು ನನ್ನ ಹೆಂಡತಿಗೆ ಅವಳ ಅಂಗೈ ಸುಟ್ಟ ಗಾಯವೇ ಹೇಳಿಕೊಟ್ಟಿದೆ. ನಿಮಗೆ ಯಾರು ಹೇಳಿಕೊಟ್ಟರು?

ಈಗ ನಿಮ್ಮ ಅಳತೆಯ ದಿನಕ್ಕೆ ಬರೋಣ. ನಿಮ್ಮ ಅಳತೆ ಸಾಹೇಬರು ಮೂರು ಕಾಲಿನ ಯಂತ್ರವೊಂದನ್ನು ರಸ್ತೆಯಲ್ಲಿ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನಮ್ಮ ಮನೆ ನೋಡಿದರು. ಇನ್ನೊಂದು ಕಣ್ಣು ಯಾಕೆ ಮುಚ್ಚಿತ್ತು ಎಂದು ನನಗೆ ಆಮೇಲೆ ತಿಳಿಯಿತು. ಬಿಸಿಲು ಚೆನ್ನಾಗಿತ್ತು, ತಾರಸಿಯ ತುಂಬ ಬೆಡ್‌ಶೀಟು, ಕವೆಗೋಲುಗಳೆಲ್ಲ ನಿಂತಿದ್ದವು. ಅವರು ಅಳೆದದ್ದು ಕೋಣೆಯನ್ನಲ್ಲ, ಎಲ್ಲಕ್ಕಿಂತ ಉದ್ದದ ಕವೆಗೋಲಿನ ತುದಿಯನ್ನು.

"ಸಾಹೇಬ್ರೇ, ಅದು ಬಟ್ಟೆ ಎತ್ತೋ ಕೋಲು. ಮನೆ ಅದರ ಕೆಳಗಿದೆ, ನೋಡಿ" ಎಂದೆ.

"ಅಳತೆ ಹೊತ್ತಲ್ಲಿ ಅದು ಅಲ್ಲಿ ಇತ್ತೋ ಇಲ್ವೋ?"

"ಇತ್ತು. ಅದರ ಮೇಲೆ ಕಾಗೆನೂ ಕೂತಿತ್ತು. ಅದನ್ನೂ ಸೇರಿಸ್ಕೊಂಡ್ರಾ?"

"ತಮಾಷೆ ಬೇಡ ಯಜಮಾನ್ರೇ. ಕಟ್ಟಡದ ಅತಿ ಎತ್ತರದ ಬಿಂದು ಅಂತ ಇದೆ ನಮಗೆ."

ನಾನು ಮೇಲೆ ಹತ್ತಿ, ಆ ಕೋಲನ್ನು ಕಿತ್ತು, ಕೆಳಗೆ ತಂದು ಅವರ ಕಾಲ ಬಳಿ ಹಾಕಿದೆ. "ತಗೊಳ್ಳಿ ನಿಮ್ಮ ಬಿಂದು. ಈಗ ಅಳೀರಿ."

"ಒಂದ್ಸಲ ಅಳತೆ ಆಯ್ತು ಅಂದ್ರೆ ಆಯ್ತು" ಎಂದು ಯಂತ್ರದ ಕಾಲು ಮಡಿಸಿದರು.

ಕೈಯಲ್ಲಿ ಎತ್ತಿ ತಂದುಹಾಕಬಹುದಾದ ಕಟ್ಟಡ ಪ್ರಪಂಚದಲ್ಲಿ ಇನ್ನೆಲ್ಲಿದೆ ಮಾನ್ಯರೇ? ಗೆದ್ದಲು ಕೂಡ ನಿಮಗಿಂತ ಯೋಚನೆ ಮಾಡಿ ಮಣ್ಣು ಕಟ್ಟುತ್ತದೆ.

ಅದೇ ಕೋಲನ್ನು ಹೊತ್ತುಕೊಂಡು ನಿಮ್ಮ ಕಚೇರಿಗೂ ಬಂದೆ. ಬಾಗಿಲಲ್ಲಿ ತಡೆದರು, ಆಯುಧ ಎಂದರು. ನಿಮ್ಮವರ ಲೆಕ್ಕದಲ್ಲಿ ಅದು ಕಚೇರಿಯಲ್ಲಿ ಆಯುಧ, ತಾರಸಿಯಲ್ಲಿ ಕಟ್ಟಡ. ಕೋಲನ್ನು ಹೊರಗಿಟ್ಟು ಒಳಗೆ ಬಂದಾಗ ನೀವು ತಲೆ ಎತ್ತಲಿಲ್ಲ. ನನ್ನ ಹೆಂಡತಿಯ ಎದೆಯ ವಿಷಯ ಹೇಳಿದೆ. ಆಗ ನೀವು ಆಡಿದ ಮಾತು ನಿಮಗೆ ಮರೆತಿರಬಹುದು: "ನೂರಾರು ಜನರ ಪ್ರಾಣಕ್ಕಿಂತ ನಿಮಗೆ ಒಂದು ರೂಮು ಹೆಚ್ಚಾಯ್ತಾ?" ನಾನು ಬಾಯಿ ಮುಚ್ಚಿಕೊಂಡೆ. ಸುಟ್ಟ ಹುಡುಗನ ಮುಖ ನೆನಪಾಯಿತು, ಅದಕ್ಕೆ. ನಿಮ್ಮ ಮಾತನ್ನು ನಂಬಿದೆ. ನನ್ನ ಬಾಯಿ ಮುಚ್ಚಿಸಲು ನೀವು ಬಳಸಿದ್ದು ನನ್ನಲ್ಲಿದ್ದ ಒಳ್ಳೆಯದನ್ನೇ. ಮಿಕ್ಕ ತಪ್ಪನ್ನೆಲ್ಲ ಮರೆತರೂ ಇದೊಂದನ್ನು ನಾನು ಮರೆಯುವುದಿಲ್ಲ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದು ಬೆಳಿಗ್ಗೆ ನಿಮ್ಮವರು ಸುತ್ತಿಗೆ ಹಿಡಿದು ಬಂದರು, ಮಧ್ಯಾಹ್ನದ ಊಟದೊಳಗೆ ಕೋಣೆ ಹೋಯಿತು. ಹೆಂಡತಿಯನ್ನು ಕೆಳಗೆ ಇಸ್ತ್ರಿ ಮೇಜಿನ ಪಕ್ಕ ಕೂರಿಸಿದ್ದೆವು. ಸುತ್ತಿಗೆ ಬಿದ್ದಾಗೆಲ್ಲ ಸುಣ್ಣದ ಪುಡಿ ಉದುರುತ್ತಿತ್ತು, ಒಗೆದಿಟ್ಟ ಬಟ್ಟೆಯ ಮೇಲೂ, ಅವಳ ತಲೆಯ ಮೇಲೂ. ಮಗಳು ಒದ್ದೆ ಬಟ್ಟೆಯನ್ನು ಅಮ್ಮನ ಮೂಗಿಗೆ ಹಿಡಿದು ನಿಂತಿದ್ದಳು. "ಕಿಟಕಿ... ಮುರೀಬೇಡಿ ಅನ್ನಿ... ಮಾರಬಹುದು" ಎಂದಳು ಹೆಂಡತಿ. ಮುರಿದೇ ಕೊಟ್ಟರು.

ಒಂದಷ್ಟು ದಿನ ಕೆಳಗೇ ಇಟ್ಟುಕೊಂಡು ನೋಡಿದೆವು. ಹಂಡೆ ಆರಿಸಿದರೆ ಹೊಟ್ಟೆಗಿಲ್ಲ, ಹಂಡೆ ಉರಿಸಿದರೆ ಅವಳಿಗೆ ಉಸಿರಿಲ್ಲ. ಕೊನೆಗೆ ಅವಳ ತಂಗಿಯ ಮನೆಗೆ ಕಳಿಸಿದೆವು. ಬಸ್ಸಿನಲ್ಲಿ ಅರ್ಧ ದಿನದ ದಾರಿ. ಜಗಳವಾಡಿ ತವರಿಗೆ ಹೋದ ಹೆಂಡತಿಯರನ್ನು ಕಂಡಿದ್ದೇನೆ. ಒಂದು ಜಗಳವೂ ಇಲ್ಲದೆ, ಬರಿಯ ಗಾಳಿಗಾಗಿ ಮನೆ ಬಿಟ್ಟು ಹೋದವಳು ಇವಳು. ಜಗಳವಾಗಿದ್ದರೆ ರಾಜಿ ಮಾಡಿ ಕರೆದು ತರಬಹುದಿತ್ತು. ಈ ಜಗಳ ನನ್ನದೂ ಅವಳದೂ ಅಲ್ಲ, ಹಾಗಾಗಿ ರಾಜಿ ಮಾಡಲು ನಾನು ಯಾರು?

ಕೋಣೆಯ ಮಣ್ಣು ಸಾಗಿಸಿದ ಲಾರಿಯೇ ರಸ್ತೆಯಾಚೆ ಸಮುಚ್ಚಯದ ಕೆಲಸಕ್ಕೆ ಮರಳು ತಂದು ಸುರಿಯಿತು. ಮಹಡಿಯ ಮೇಲೆ ಮಹಡಿ ಎದ್ದಿತು. ಊರ ಸಭೆಯಲ್ಲಿ ಬಿಲ್ಡರು ಮೇಜಿನ ಮೇಲೆ ಆಟದ ಮನೆಯಂಥ ಮಾದರಿ ಇಟ್ಟಿದ್ದ. ಪ್ಲಾಸ್ಟಿಕ್ ಮರ, ಪ್ಲಾಸ್ಟಿಕ್ ಜನ. ನೀವು ಪಕ್ಕದಲ್ಲಿ ಕೂತು ಅಭಿವೃದ್ಧಿ ಎಂಬ ಪದವನ್ನು ಬಾಯಲ್ಲಿ ಬಿಸ್ಕತ್ತಿನಂತೆ ಅಗಿಯುತ್ತಿದ್ದಿರಿ. ನಮ್ಮಲ್ಲೂ ಎರಡು ಪಂಗಡ. ಟೀ ಅಂಗಡಿಯವನು "ಗಿರಾಕಿ ಬರ್ತಾರೆ, ಬಿಡಿ ತಾತ" ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನ ಹೊಟ್ಟೆ ಅವನು ನೋಡಿಕೊಂಡ. ನಾನು ಎದ್ದು ಕೇಳಿದೆ, "ಇದು ವಿಮಾನಕ್ಕೆ ಅಡ್ಡ ಬರಲ್ವಾ?"

"ರನ್‌ವೇಯಿಂದ ದೂರ ಹೋದ ಹಾಗೆ ಹೆಚ್ಚು ಎತ್ತರ ಬಿಡಬಹುದು" ಎಂದಿರಿ.

"ಎಷ್ಟು ದೂರ ಸ್ವಾಮಿ? ಒಂದು ರಸ್ತೆ?"

"ಜೊತೆಗೆ ತುದಿಯಲ್ಲಿ ಕೆಂಪು ದೀಪ ಹಾಕ್ತಾರೆ. ಅದಕ್ಕೆ ವಿನಾಯಿತಿ ಇದೆ."

"ಹಂಗಾದ್ರೆ ನನ್ನ ಕವೆಗೋಲಿಗೂ ಒಂದು ಕೆಂಪು ದೀಪ ಕಟ್ಟು ಅಂತ ಮೊದಲೇ ಹೇಳಿದ್ರೆ ಆಗ್ತಿತ್ತಲ್ಲ!"

ಸಭೆ ನಕ್ಕಿತು. ನೀವೂ ನಕ್ಕಿರಿ. ಇವರಿಗೆ ನ್ಯಾಯದ ಭಾಷೆ ತಿಳಿಯುವುದಿಲ್ಲ, ನನ್ನ ಕಸುಬಿನ ಭಾಷೆಯಲ್ಲೇ ಉತ್ತರ ಕೊಡುತ್ತೇನೆ ಎಂದು ಅಲ್ಲೇ ತೀರ್ಮಾನಿಸಿದೆ.

ಈ ಊರಿನ ಲಾಂಡ್ರಿಯವರೆಲ್ಲ ಸೋಪು ಕೊಳ್ಳುವುದು ಒಂದೇ ಅಂಗಡಿಯಲ್ಲಿ. ಅಲ್ಲಿ ನಿಂತು ಆದದ್ದನ್ನು ಹೇಳಿದೆ. ಕವೆಗೋಲನ್ನು ಕಟ್ಟಡವೆಂದು ಬರೆದರೆ ನಾಳೆ ಅವರ ತಾರಸಿಯೂ ಉಳಿಯುವುದಿಲ್ಲ ಎಂದು ಎಲ್ಲರಿಗೂ ಅರ್ಥವಾಯಿತು. ಅಂದಿನಿಂದ ನಿಮ್ಮ ಕಚೇರಿಯವರ ಬಟ್ಟೆಯನ್ನು ಯಾರೂ ಮುಟ್ಟುತ್ತಿಲ್ಲ. ನಿಮ್ಮ ಸೋಫಾ ಕವರು, ಪರದೆ, ಅಂಗಿ ಎಲ್ಲ ಹೋದ ಹಾಗೇ ವಾಪಸು ಬರುತ್ತಿವೆ. ಸಮುಚ್ಚಯದ ಕಾರ್ಯಕ್ರಮದಲ್ಲಿ ನೀವು ರಿಬ್ಬನ್ ಕತ್ತರಿಸುವ ಚಿತ್ರ ಪತ್ರಿಕೆಯಲ್ಲಿ ಬಂದಿತ್ತು. ಕಾಲರು ಸುಕ್ಕು, ತೋಳು ಸುಕ್ಕು, ಹಸು ಜಗಿದು ಉಗಿದ ಹಾಗಿತ್ತು ಅಂಗಿ. ಮಗಳು ಅದನ್ನು ಕತ್ತರಿಸಿ ಇಸ್ತ್ರಿ ಮೇಜಿನ ಮುಂದಿನ ಗೋಡೆಗೆ ಅಂಟಿಸಿದ್ದಾಳೆ. ಕೆಲಸ ಭಾರವಾದಾಗ ನೋಡಿಕೊಳ್ಳುತ್ತೇವೆ. ಕೈಗೆ ಬಲ ಬರುತ್ತದೆ.

ಒಂದು ಮಧ್ಯಾಹ್ನ ನಿಮ್ಮ ಅಳತೆ ಸಾಹೇಬರು ಬಂದರು. ಮೂರು ಕಾಲಿನ ಯಂತ್ರವಿಲ್ಲ, ಕಂಕುಳಲ್ಲಿ ಪೊಟ್ಟಣ. ಮಗಳ ಮದುವೆಯಂತೆ, ಹೊಸ ಬಿಳಿ ಅಂಗಿಗೆ ಸಾಂಬಾರು ಚೆಲ್ಲಿತ್ತಂತೆ. ಊರೆಲ್ಲ ಸುತ್ತಿ, ಎಲ್ಲರೂ ನನ್ನ ಹೆಸರು ಹೇಳಿ ಕಳಿಸಿದ್ದರಂತೆ.

"ಯಜಮಾನ್ರೇ, ಹೆಣ್ಣಿನ ತಂದೆ ನಾನು. ಈ ಅಂಗೀಲಿ ಹೋದ್ರೆ ಬೀಗರು ಏನಂತಾರೆ?"

"ಅಳತೆ ಹೊತ್ತಲ್ಲಿ ಕಲೆ ಇತ್ತೋ ಇಲ್ವೋ?" ಎಂದೆ.

ಅವರು ಪೊಟ್ಟಣವನ್ನು ಇಸ್ತ್ರಿ ಮೇಜಿನ ಮೇಲಿಟ್ಟರು. ಮಗಳು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಕೇಳಿದಳು, "ಸರ್, ಕೋಲು ಅಂತ ನಿಮಗೆ ಗೊತ್ತಾಗ್ಲಿಲ್ವಾ, ಗೊತ್ತಿದ್ದೂ ಬರೆದ್ರಾ? ಅಷ್ಟು ಹೇಳಿ. ಅಂಗಿ ನಾನೇ ಮಾಡಿಕೊಡ್ತೀನಿ."

ಅವರು ಬಾಗಿಲ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು, "ಕೋಲು ಅಂತ ಗೊತ್ತಿತ್ತಮ್ಮ. ವಿಮಾನಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಿಂದಿನ ಫ್ಲ್ಯಾಟ್‌ಗಳ ಬಾಲ್ಕನಿಯೆಲ್ಲ ಈ ಕಡೆಗೇ ಇರೋದು. ವಿಮಾನ ಇಳಿಯೋದು ಕಾಣತ್ತೆ ಅಂತ ಹೇಳಿ ಮಾರ್ತಿದಾರೆ. ಕೊಳ್ಳೋರು ಬಂದು ನೋಡಿದ್ರೆ ಮುಂದೆ ನಿಮ್ಮ ರೂಮು, ನಿಮ್ಮ ಬೆಡ್‌ಶೀಟು. ನೋಟ ಕೆಡತ್ತೆ ಅಂತ ಬಿಲ್ಡರು ಅಂದ್ರು. ಏನಾದ್ರೂ ಮಾಡಿ ಎತ್ತರ ಜಾಸ್ತಿ ತೋರಿಸು ಅಂತ ನಮ್ಮ ದೊಡ್ಡ ಸಾಹೇಬ್ರೇ ಹೇಳಿದ್ದು. ನಾನು ಹೇಳ್ದೆ ಅಂತ ಎಲ್ಲೂ ಹೇಳ್ಬೇಡಿ."

ಹೇಳುವುದಿಲ್ಲ ಎಂದು ನಾನು ಮಾತು ಕೊಡಲಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇನೆ. ಅಂಗಿ ಮಾಡಿಕೊಡುವುದಾಗಿ ಮಗಳು ಮಾತು ಕೊಟ್ಟಿದ್ದಳು, ಮಾಡಿಕೊಟ್ಟಳು. ಕಲೆಯ ಗುರುತೂ ಇರಲಿಲ್ಲ. ಗಂಜಿ ಹಾಕಿದ್ದು ಮಾತ್ರ ನಾನು. ಕಾಲರು ತಗಡಿನಂತೆ ನಿಂತಿತ್ತು. ಬೀಗರ ಮುಂದೆ ಅವರಿಗೆ ಕತ್ತು ಬಗ್ಗಿಸಲು ಆಗಿರಲಿಕ್ಕಿಲ್ಲ. ನನ್ನ ಹೆಂಡತಿ ಕುತ್ತಿಗೆ ಬಗ್ಗಿಸಿ ಬಸ್ಸು ಹತ್ತಿದ್ದಳು. ಅದಕ್ಕೆ ಇದು ಬಡ್ಡಿಯೂ ಅಲ್ಲ.

ನೂರಾರು ಜನರ ಪ್ರಾಣ ಎಂದಿರಲ್ಲ ಮಾನ್ಯರೇ. ನೂರಾರು ಜನರ ನೋಟ ಎಂದು ನೇರವಾಗಿ ಹೇಳಬಾರದಿತ್ತೇ? ಯಾರೋ ಬಾಲ್ಕನಿಯಲ್ಲಿ ಕಾಫಿ ಕುಡಿಯುವಾಗ ಕಣ್ಣಿಗೆ ಬಡವರ ಬೆಡ್‌ಶೀಟು ಬೀಳಬಾರದು ಎಂದು ನನ್ನ ಹೆಂಡತಿಯ ಉಸಿರು ಕಿತ್ತಿರಾ? ಇದನ್ನು ಆಡಳಿತ ಎನ್ನುತ್ತಾರೋ, ಜೇಬುಗಳ್ಳತನ ಎನ್ನುತ್ತಾರೋ? ಜೇಬುಗಳ್ಳನಿಗೂ ಒಂದು ನಿಯತ್ತಿದೆ. ಕದ್ದ ಮೇಲೆ ಓಡಿಹೋಗುತ್ತಾನೆ, ಕೂತು ನೀತಿ ಹೇಳುವುದಿಲ್ಲ. ಇತ್ತ ಸಮುಚ್ಚಯ ಎದ್ದ ಮೇಲೆ ಪುಟ್ಟ ವಿಮಾನಗಳು ಅದನ್ನು ತಪ್ಪಿಸಿ ವಾರೆಯಾಗಿ, ಶಾಲೆಯ ಹೆಂಚಿನ ಮೇಲೇ ಬರುತ್ತಿವೆ. ಊರೆಲ್ಲ ಕತ್ತೆತ್ತಿ ನೋಡುತ್ತಿದೆ. ನೀವು ಮಾತ್ರ ಕತ್ತೆತ್ತುವುದಿಲ್ಲ. ಅಲ್ಲೂ ಅಳೆಯಲು ಯಾವುದಾದರೂ ಕೋಲು ಸಿಕ್ಕಿದರೆ ಆಗ ಎತ್ತುತ್ತೀರೇನೋ.

ನೋಟದ ವಿಷಯ ತಿಳಿದ ಮೇಲೆ ನನಗೆ ದಾರಿ ಕಂಡಿತು. ನಮ್ಮ ಕಸುಬಿನಲ್ಲೊಂದು ಮರ್ಯಾದೆಯಿದೆ. ಬಿಳಿ ಬಟ್ಟೆ, ಬಣ್ಣದ ಬಟ್ಟೆ ರಸ್ತೆಯ ಕಡೆಗೆ ಒಣಗಬೇಕು. ಎಷ್ಟು ಒಗೆದರೂ ಕಲೆ ಪೂರ್ತಿ ಹೋಗದಂಥವು, ಕಸಾಯಿಖಾನೆಯವರ ಏಪ್ರನ್, ಗ್ಯಾರೇಜಿನವರ ಗ್ರೀಸು ಕುಡಿದ ಪ್ಯಾಂಟು, ಬಾಣಂತಿ ವಾರ್ಡಿನ ಬಟ್ಟೆ, ಇವು ಯಾರ ಕಣ್ಣಿಗೂ ಬೀಳದ ಮಗ್ಗುಲಲ್ಲಿ ಒಣಗಬೇಕು. ನನ್ನಪ್ಪ ಕಲಿಸಿದ ಪಾಠ. ಅದನ್ನು ಮುರಿದವನನ್ನು ಹಗ್ಗದಲ್ಲೇ ಹೊಡೆಯುತ್ತಿದ್ದ. ನಾನು ಅದನ್ನು ಮುರಿದಿದ್ದೇನೆ. ಬಿಳಿ ಬಟ್ಟೆಯ ಗಿರಾಕಿಗಳನ್ನೆಲ್ಲ ಗೆಳೆಯರಿಗೆ ಬಿಟ್ಟುಕೊಟ್ಟು, ಅವರಲ್ಲಿದ್ದ ಏಪ್ರನ್ನು, ಗ್ರೀಸು, ಬಾಣಂತಿ ಬಟ್ಟೆಯನ್ನೆಲ್ಲ ನಾನು ತಂದುಕೊಂಡೆ. ಕೋಣೆಯಿದ್ದ ಜಾಗದಲ್ಲಿ ಹಗ್ಗ ಕಟ್ಟಿ ಬಾಲ್ಕನಿಗಳಿಗೆ ಎದುರಾಗಿ ಸಾಲಾಗಿ ಹರಡಿದ್ದೇನೆ. ಕವೆಗೋಲು ಹಾಕಿಲ್ಲ, ಹಗ್ಗವನ್ನೇ ಬಿಗಿದಿದ್ದೇನೆ. ನಿಮ್ಮ ಕಾನೂನಿಗಿಂತ ಒಂದು ಗೇಣು ಕೆಳಗೇ ಇದೆ. ಬಂದು ಎಷ್ಟು ಸಲ ಬೇಕಾದರೂ ಅಳೆಯಬಹುದು.

ಈಗ ಫ್ಲ್ಯಾಟು ನೋಡಲು ಬಂದವರು ಬಾಲ್ಕನಿಗೆ ಕಾಲಿಟ್ಟ ಕೂಡಲೇ ವಿಮಾನ ನೋಡುವುದಿಲ್ಲ, ಮೂಗಿಗೆ ಸೆರಗು ಹಿಡಿಯುತ್ತಾರೆ. ಒಗೆದ ಬಟ್ಟೆಯಿಂದ ವಾಸನೆ ಬರುವುದಿಲ್ಲ ಎಂದು ನಮ್ಮ ಕಸುಬಿನವರಿಗೆ ಗೊತ್ತು. ಅವರಿಗೆ ಬರುತ್ತದೆ. ಕಣ್ಣಿನಿಂದಲೇ ಬರುತ್ತದೆ. ನಾನು ಕೆಳಗಿನಿಂದ ಕೈಮುಗಿಯುತ್ತೇನೆ.

ಬಿಲ್ಡರು ತಾನೇ ಬಂದ. ಹೊಳೆಯುವ ಬೂಟಿನಲ್ಲಿ ಸೋಪಿನ ನೀರಿಗೆ ಕಾಲಿಟ್ಟು ಜಾರಿ, ನಮ್ಮ ತೊಟ್ಟಿಯ ಅಂಚು ಹಿಡಿದು ನಿಂತ. "ಯಾಕೆ ತಾತ ಹಠ? ಒಂದನೇ ಮಹಡೀಲಿ ಒಂದು ಫ್ಲ್ಯಾಟು ಕೊಡ್ತೀನಿ. ಅಜ್ಜಿಗೆ ಒಳ್ಳೇ ಗಾಳಿ, ಲಿಫ್ಟಿದೆ, ಹತ್ತೋದೂ ಬೇಡ."

"ಯಾರಿಗೆ ಅಜ್ಜಿ ಅವಳು?" ಎಂದೆ. "ನನ್ನ ಮಗಳಿಗೇ ಇನ್ನೂ ಮಕ್ಕಳಾಗಿಲ್ಲ. ನಿಂಗೆ ಎಲ್ಲಿಂದ ಆದ್ಲು?"

ಆದರೂ ಅದು ಅವಳ ಉಸಿರಿನ ಪ್ರಶ್ನೆ. ನನ್ನ ಸಿಟ್ಟಿಗೆ ಅವಳನ್ನು ಬಲಿ ಕೊಡಬಾರದು ಎಂದು ಮಗಳು ಕಣ್ಣಲ್ಲೇ ಹೇಳಿದಳು. ಅಲ್ಲೇ ಹೆಂಡತಿಗೆ ಫೋನು ಹಚ್ಚಿ ಎಲ್ಲವನ್ನೂ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಬರೀ ಸಿಳ್ಳೆಯಂಥ ಉಸಿರು. ಆಮೇಲೆ ಕೇಳಿದಳು, "ಆ ಏಪ್ರನ್ನು... ಮುಂದಿನ ಸಾಲಲ್ಲಾ... ಹಿಂದಿನ ಸಾಲಲ್ಲಾ ರೀ?"

"ಮುಂದಿನ ಸಾಲಲ್ಲೇ."

"ಹೊರಮಗ್ಗುಲು... ಅವರ ಕಡೆ ತಿರುಗಿಸಿ... ಹಾಕಿ. ಕಲೆ... ಅಲ್ಲೇ ಜಾಸ್ತಿ."

ಮಗಳು ನಗು ತಡೆಯಲಾಗದೆ ಮುಖಕ್ಕೆ ದಿಂಬಿನ ಕವರು ಮುಚ್ಚಿಕೊಂಡಳು. ಬಿಲ್ಡರು ಹೋದ. ನನಗೆ ಮಾತ್ರ ನಗು ಬರಲಿಲ್ಲ. ಮೂರು ತುಂಡು ಮಾತಿಗೆ ಅವಳು ಎಷ್ಟು ಸಲ ನಿಂತಳು ಎಂದು ಕೇಳಿಸಿಕೊಂಡಿದ್ದೆ. ತಂಗಿಯ ಮನೆ ತಂಗಿಯದು. ಅಲ್ಲಿ ಅವಳು ಯಾರನ್ನೂ ಪೂರ್ತಿ ವಾಕ್ಯದಲ್ಲಿ ಬೈಯುವಂತಿಲ್ಲ.

ಈಗ ಕೇಳಿ. ನನಗೆ ಪರಿಹಾರ ಬೇಡ, ವಿಷಾದ ಪತ್ರವೂ ಬೇಡ. ಒಡೆದ ಕೋಣೆಯನ್ನು ಅದೇ ಜಾಗದಲ್ಲಿ, ಅದೇ ಎತ್ತರಕ್ಕೆ, ಕಿಟಕಿ ಸಮೇತ ನಿಮ್ಮ ಇಲಾಖೆ ಕಟ್ಟಿಕೊಡಬೇಕು, ಚಳಿ ಬೀಳುವ ಮೊದಲು. ಬಟ್ಟೆ ಎತ್ತುವ ಕೋಲು ಕಟ್ಟಡವಲ್ಲ ಎಂದು ಊರಿನ ಲಾಂಡ್ರಿಯವರೆಲ್ಲರಿಗೂ ಬರೆದುಕೊಡಬೇಕು. ಸಮುಚ್ಚಯದಲ್ಲಿ ಕಾನೂನಿಗಿಂತ ಮೇಲೆ ಎದ್ದಿರುವ ಮಹಡಿಗಳನ್ನು, ಅಲ್ಲಿ ಯಾರೂ ಸಂಸಾರ ಹೂಡುವ ಮೊದಲೇ ಇಳಿಸಬೇಕು. ಆ ಸುಣ್ಣದ ಪುಡಿ ಬೀಳುವಾಗ ನೀವು ಕೆಳಗೆ ನಿಂತಿರಬೇಕು. ಇದು ನ್ಯಾಯವಲ್ಲ, ಸೇಡು ಎನ್ನುತ್ತೀರಾ? ಹೌದು, ಸೇಡೇ. ನ್ಯಾಯ ಕೇಳಿಕೊಂಡು ಬಂದಿದ್ದೆ, ಆಗ ನೀವು ತಲೆ ಎತ್ತಿರಲಿಲ್ಲ.

ಫ್ಲ್ಯಾಟುಗಳಿಗೆ ವಾಸದ ಅನುಮತಿ ಕೊಡುವ ಮೊದಲು ಮುಂದಿನ ವಾರ ಆಕ್ಷೇಪಣೆ ಕೇಳುವ ಸಭೆ ಕರೆದಿದ್ದೀರಿ. ಅಲ್ಲಿ ನಾನು ಮಾತಾಡುವುದಿಲ್ಲ. ನಾನು ಮಾತಾಡಿದರೆ ನಿಮಗೆ ಸಲೀಸು. ಮುದುಕ ಕೂಗಾಡಿದ ಎಂದು ಬರೆದುಕೊಂಡು ಮುಂದಿನವರನ್ನು ಕರೆಯುತ್ತೀರಿ. ಅವಳು ಬರುತ್ತಿದ್ದಾಳೆ. ಬರಬೇಡ ಎಂದೆ, ಕೇಳಲಿಲ್ಲ. ಮಗಳು ಹೋಗಿ ಕರೆತರುತ್ತಾಳೆ. ಹೇಳಬೇಕಾದ್ದನ್ನೆಲ್ಲ ಅವಳು ತಂಗಿಯ ಅಡುಗೆಮನೆಯಲ್ಲಿ ಕೂತು ಮನಸ್ಸಿನಲ್ಲೇ ಸಾಲು ಮಾಡಿಕೊಂಡಿದ್ದಾಳಂತೆ. ಅವಳ ಮಾತು ಎರಡು ಪದಕ್ಕೊಮ್ಮೆ ನಿಲ್ಲುತ್ತದೆ. ಆ ನಿಲ್ಲುವಿಕೆಯಲ್ಲಿ ನೀವು ಗಡಿಯಾರ ನೋಡಬಾರದು, ಕಡತ ತಿರುವಬಾರದು, ಆಯ್ತಮ್ಮ ಎನ್ನಬಾರದು. ನೀವು ಕಿತ್ತುಕೊಂಡ ಉಸಿರಿನಲ್ಲಿ ಉಳಿದದ್ದು ಅಷ್ಟೇ. ಅಷ್ಟರಲ್ಲೇ ಅವಳು ನಿಮ್ಮನ್ನು ಪೂರ್ತಿ ಬೈದು ಮುಗಿಸಬೇಕು. ಮಧ್ಯಾಹ್ನವಾಗಲಿ, ಸಂಜೆಯಾಗಲಿ, ಕೊನೆಯ ಪದ ಮುಗಿಯುವವರೆಗೆ ಆ ಕುರ್ಚಿಯಲ್ಲಿ ಕೂತಿರಿ. ಬಾಗಿಲ ಬಳಿ ನಾನು ನಿಂತಿರುತ್ತೇನೆ.

ಇಂತಿ,
ಸ್ವಂತ ಹೆಂಡತಿಯನ್ನು ನೋಡಲು ನೆಂಟನ ಹಾಗೆ ಹಣ್ಣು ಕೊಂಡು, ಸಂಜೆಯ ಬಸ್ಸಿಗೆ ಒಬ್ಬನೇ ವಾಪಸು ಬರುವ,
ಬೇಲಿ ಪಕ್ಕದ ಲಾಂಡ್ರಿಯವನು